ಅಕ್ಕನನ್ನೇ ಕೇಳಿದ ಶ್ರಾವಣ

ನಾನು ನಿಂತಿದ್ದದ್ದು ಹಾಸಿಗೆಯ ಕಾಲ ಕಡೆ, ಕಿಟಕಿಗೆ ಬೆನ್ನು ಮಾಡಿಕೊಂಡು. ಜಯನಗರದ ಒಂದು ಆಸ್ಪತ್ರೆ, ಮೂರನೆಯ ಮಹಡಿ, ಹೆಂಗಸರ ವಾರ್ಡಿನ ಕೊನೆಯ ಕೋಣೆ. ಎರಡು ವರ್ಷದ ಹಿಂದಿನ ಶ್ರಾವಣ, ಸೋಮವಾರ, ಬೆಳಗಿನ ಏಳು ಗಂಟೆಗೆ ಸ್ವಲ್ಪ ಮುಂಚೆ. ಹೊರಗೆ ಸೋನೆ ಮಳೆ. ನನ್ನ ಬಲಗೈಯಲ್ಲಿ ಅಕ್ಕನ ಕನ್ನಡಕ ಇತ್ತು. ಆಪರೇಷನ್ನಿಗೆ ಹೋಗುವ ಮೊದಲು ಬಳೆ, ಓಲೆ, ಕನ್ನಡಕ ಎಲ್ಲ ತೆಗೆಯಬೇಕು ಎಂದು ಸಿಸ್ಟರ್ ಹೇಳಿದ್ದರಿಂದ ಅವಳು ತೆಗೆದು ನನಗೆ ಕೊಟ್ಟಿದ್ದಳು. ಹಾಸಿಗೆಯ ತಲೆಯ ಕಡೆ ನಮ್ಮಣ್ಣ ಶ್ರೀಧರ ನಿಂತಿದ್ದ. ಗೋಡೆಯ ಪಕ್ಕದ ಕುರ್ಚಿಯಲ್ಲಿ ನಾಗರತ್ನಮ್ಮ ಕೂತಿದ್ದರು. ಬಾಗಿಲ ಹತ್ತಿರ ಶಾಂತಕ್ಕ. ಈ ಇಬ್ಬರೂ ನೆಂಟರಲ್ಲ, ಅಕ್ಕನ ಹೊಸ ಗೆಳತಿಯರು.

ಯಾರು ಎಲ್ಲಿದ್ದರು ಎಂದು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಅಲ್ಲಿ ನಡೆದದ್ದನ್ನು ನಮ್ಮ ಮನೆಯಲ್ಲಿ ಈಗ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಕೆಲವರು ಅದನ್ನು ಜಗಳ ಎನ್ನುತ್ತಾರೆ. ಅದು ಜಗಳವಾಗಿರಲಿಲ್ಲ. ನಾನು ಕಂಡದ್ದನ್ನು, ಕೇಳಿಸಿಕೊಂಡದ್ದನ್ನು ಮಾತ್ರ ಬರೆಯುತ್ತೇನೆ.

ಬರೆಯಬೇಕು ಎನ್ನಿಸಿದ್ದು ಹೋದ ವಾರ. ಜಯನಗರದಲ್ಲಿ ಏನೋ ಕೆಲಸ ಮುಗಿಸಿ ನಡೆದು ಬರುತ್ತಿದ್ದೆ. ಸಾರಿನ ಪುಡಿ, ಚಟ್ನಿಪುಡಿ ಮಾರುವ ಒಂದು ಅಂಗಡಿಯ ಮುಂದೆ ಬಂದಾಗ ಧನಿಯಾ, ಮೆಂತ್ಯ ಹುರಿಯುವ ವಾಸನೆ ಬಂತು. ಕಾಲು ತಾನಾಗಿಯೇ ನಿಂತಿತು. ಆ ಅಂಗಡಿಯ ಪಕ್ಕದಲ್ಲೇ ಒಂದು ಕಿರಿದಾದ ಮೆಟ್ಟಿಲು. ಆ ವರ್ಷದ ಆಷಾಢದಲ್ಲಿ ಶನಿವಾರ ಬಂತೆಂದರೆ ಮಧ್ಯಾಹ್ನವೆಲ್ಲ ನಾನು ಆ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಮೇಲಿನ ಕೋಣೆಯ ಕಿಟಕಿ ಈಗ ಮುಚ್ಚಿತ್ತು. ಟೈಲರಿಂಗ್ ಕ್ಲಾಸಿನ ಬೋರ್ಡು ಇರಲಿಲ್ಲ.

ಅಕ್ಕನ ಹೆಸರು ವಸುಧಾ. ಆಗ ಅವಳಿಗೆ ಐವತ್ನಾಲ್ಕು. ಬನಶಂಕರಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಮದುವೆಯಾಗಲಿಲ್ಲ, ಒಬ್ಬಳೇ ಇದ್ದಾಳೆ. ಒಂಬತ್ತನೇ ಕ್ಲಾಸಿನ ಕೊನೆಯ ಬೆಂಚಿನವರೂ ಅವಳು ಬಾಗಿಲಿಗೆ ಬಂದರೆ ಎದ್ದು ನಿಲ್ಲುತ್ತಾರೆ. ಆ ಬೇಸಿಗೆಯ ಕೊನೆಗೆ ಅವಳು ಜೆ.ಪಿ. ನಗರದ ನಮ್ಮ ಮನೆಗೆ ಫೋನ್ ಮಾಡಿ, "ಮುರಳಿ, ನಾಳೆ ಬೆಳಿಗ್ಗೆ ಬಿಡುವಿದ್ಯಾ? ಆಸ್ಪತ್ರೆಗೆ ಹೋಗ್ಬೇಕು. ಗಾಬರಿ ಆಗೋದೇನಿಲ್ಲ" ಎಂದಳು. ಅವಳು ಯಾವತ್ತೂ ಯಾರನ್ನೂ ಜೊತೆಗೆ ಕರೆದವಳಲ್ಲ. ಅದಕ್ಕೇ ನನಗೆ ಗಾಬರಿಯಾಯಿತು.

ಎಡ ಎದೆಯಲ್ಲಿ ಗಂಟು. ಚಿಕ್ಕದು. ಸ್ಕ್ಯಾನು, ಸೂಜಿ ಪರೀಕ್ಷೆ ಎಲ್ಲ ಆದ ಮೇಲೆ ಕ್ಯಾನ್ಸರ್ ಎಂದು ಖಚಿತವಾಯಿತು. ನಮ್ಮಮ್ಮ ಹೋದದ್ದೂ ಇದೇ ಕಾಯಿಲೆಯಲ್ಲಿ. ಹಾಗಾಗಿ ವಂಶದಲ್ಲಿ ಬಂದದ್ದೋ ಎಂದು ನೋಡಲು ರಕ್ತದ ಇನ್ನೊಂದು ಪರೀಕ್ಷೆ ಮಾಡಿಸಿದರು. ಅದರಲ್ಲಿ ಏನೂ ಕಾಣಲಿಲ್ಲ. ಆಮೇಲೆ ಆಪರೇಷನ್ ಮಾಡುವ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಹೇಳಿದರು. ಹೆಂಗಸು, ನಿಧಾನವಾಗಿ ಮಾತಾಡುವವರು. ದಾರಿ ಎರಡಿವೆ. ಒಂದು, ಗಂಟನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ಮಾತ್ರ ತೆಗೆದು, ಆಮೇಲೆ ಕೆಲವು ವಾರ ದಿನಾ ಬಂದು ರೇಡಿಯೇಷನ್ ಕೊಡಿಸಿಕೊಳ್ಳುವುದು. ಇನ್ನೊಂದು, ಇಡೀ ಸ್ತನವನ್ನೇ ತೆಗೆಯುವುದು. "ಇವರ ವಿಷಯದಲ್ಲಿ ಜೀವಕ್ಕೆ ಎರಡೂ ಒಂದೇ. ಯೋಚನೆ ಮಾಡಿ ಹೇಳಿ, ಕೆಲವು ವಾರ ಟೈಮ್ ಇದೆ. ಆದ್ರೆ ತಿಂಗಳುಗಟ್ಟಲೆ ಇಲ್ಲ" ಎಂದರು.

ಅವರು ಅಕ್ಕನ ಮುಖ ನೋಡಿ ಹೇಳಿದರು. ಉತ್ತರ ಕೊಟ್ಟದ್ದು ಅಣ್ಣ.

"ಯೋಚನೆ ಮಾಡೋದೇನಿದೆ ಡಾಕ್ಟ್ರೇ, ಪೂರ್ತಿ ತೆಗೆದುಬಿಡಿ. ರಿಸ್ಕ್ ಬೇಡ."

ಅಣ್ಣನ ಬಗ್ಗೆ ಹೇಳಬೇಕು. ಅಪ್ಪ ಹೋದಾಗ ಅವನಿನ್ನೂ ಕಾಲೇಜು ಮುಗಿಸಿರಲಿಲ್ಲ. ಕಾರ್ಖಾನೆಯ ಕೆಲಸಕ್ಕೆ ಸೇರಿ ನಮ್ಮಿಬ್ಬರನ್ನು ಓದಿಸಿದ. ಈಗ ನಿವೃತ್ತನಾಗಿ ಚಿಕ್ಕಲಸಂದ್ರದಲ್ಲಿದ್ದಾನೆ. ಅಕ್ಕನ ಪ್ರತಿ ಪರೀಕ್ಷೆಗೂ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಸಿಕೊಂಡು, ನಮಗಿಂತ ಮೊದಲೇ ಬಂದು ಕೂತಿರುತ್ತಿದ್ದ. ಕೆಟ್ಟವನಲ್ಲ. ನಮ್ಮ ಮನೆಯಲ್ಲಿ ದೊಡ್ಡವರಿಗೆ ಇಲ್ಲ ಎನ್ನುವ ಪದ್ಧತಿ ಇಲ್ಲ, ಅಷ್ಟೆ. ಒಪ್ಪಿಗೆಯಿಲ್ಲದಿದ್ದರೆ "ನೋಡೋಣ" ಎನ್ನುತ್ತೇವೆ. ದೊಡ್ಡವರು ಅದನ್ನು ಒಪ್ಪಿಗೆ ಎಂದುಕೊಂಡು ಕೆಲಸ ಮುಂದುವರಿಸುತ್ತಾರೆ. ನಾವು ಹಾಗೇ ಬೆಳೆದವರು. ಅವತ್ತು ಕಾರಿನಲ್ಲಿ ಅಣ್ಣ, "ಏನಂತೀಯ ವಸೂ?" ಎಂದಾಗಲೂ ಅಕ್ಕ ಹೇಳಿದ್ದು ಅದನ್ನೇ. "ನೋಡೋಣ ಅಣ್ಣ."

ಅಣ್ಣನ ಮನೆಗೆ ಬಂದ ಮೇಲೆ ಪದ್ಮತ್ತಿಗೆ ಕಾಫಿ ಕೊಡುತ್ತ, "ಮದುವೆ ಮಕ್ಕಳು ಅಂತ ಇದ್ದಿದ್ರೆ ಬೇರೆ ಮಾತು. ಈ ವಯಸ್ಸಲ್ಲಿ ಅದನ್ನ ಇಟ್ಕೊಂಡು ಏನು ಉಪಯೋಗ ಹೇಳಿ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಸಮಾಧಾನವೆಂದೇ ಹೇಳಿದ್ದು. ಅಕ್ಕ ಕಾಫಿ ಲೋಟವನ್ನು ಕೆಳಗಿಟ್ಟು, ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡಳು. ಆಮೇಲೆ ಆ ಕಾಫಿ ಕುಡಿಯಲಿಲ್ಲ.

ಶಾಂತಕ್ಕ ಸಿಕ್ಕಿದ್ದು ಸ್ಕ್ಯಾನಿಂಗ್ ಕೋಣೆಯ ಹೊರಗೆ. ಅವರು ಗದಗದ ಕಡೆಯವರು. ಸುದ್ದಗುಂಟೆಪಾಳ್ಯದಲ್ಲಿ ಬಾಡಿಗೆ ಮನೆ, ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ. ವರ್ಷಕ್ಕೊಮ್ಮೆ ಮಾಡಿಸುವ ಪರೀಕ್ಷೆಗೆ ಬಂದಿದ್ದರು. ಅಕ್ಕನ ಪಕ್ಕದಲ್ಲಿ ಕೂತು, ಸ್ವಲ್ಪ ಹೊತ್ತು ಮುಖ ನೋಡಿ ಕೇಳಿದರು.

"ಮೊದಲನೇ ಸಲ ಏನ್ರಿ ಅಕ್ಕಾರ?"

"ಹೌದು."

"ಅಂಜಬ್ಯಾಡ್ರಿ ಅಂತ ನಾ ಹೇಳೂದಿಲ್ಲ. ಅಂಜಿಕಿ ಬರೂದ. ಶನಿವಾರ ಮಧ್ಯಾಹ್ನ ಏನ್ ಮಾಡ್ತೀರಿ?"

ಅಕ್ಕ, "ಪೇಪರ್ ತಿದ್ದೋದಿರುತ್ತೆ" ಎಂದಳು.

"ಹುಡುಗ್ರು ಒಂದ್ ವಾರ ತಡಾ ಫೇಲ್ ಆಗ್ಲಿ ಬಿಡ್ರಿ" ಎಂದರು ಶಾಂತಕ್ಕ. ಅಕ್ಕ ನಕ್ಕಳು. ಗಂಟು ಕಂಡ ಮೇಲೆ ಅವಳು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

ಶನಿವಾರ ಸೇರುತ್ತಿದ್ದದ್ದು ಆ ಪುಡಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಅದು ನಾಗರತ್ನಮ್ಮನವರ ಟೈಲರಿಂಗ್ ಕ್ಲಾಸು. ಸುಬ್ರಹ್ಮಣ್ಯಪುರದಿಂದ ಬಸ್ಸಿನಲ್ಲಿ ಬಂದು, ವಾರವಿಡೀ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಶನಿವಾರ ಮಧ್ಯಾಹ್ನ ಮೆಷಿನ್ನುಗಳನ್ನು ಗೋಡೆಗೆ ಸರಿಸಿ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಿದ್ದರು. ಬರುತ್ತಿದ್ದವರು ಏಳೆಂಟು ಜನ, ಎಲ್ಲರಿಗೂ ಇದೇ ಕಾಯಿಲೆ, ಬೇರೆ ಬೇರೆ ಹಂತ. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಕರೆದುಕೊಂಡು ಬಂದವರು ಮೆಟ್ಟಿಲ ಮೇಲೆ ಕೂರಬೇಕು. ಕೆಳಗಿನಿಂದ ಹುರಿಯುವ ಘಾಟು ಬಂದರೆ, ಕೀಮೋ ತೆಗೆದುಕೊಳ್ಳುತ್ತಿದ್ದವರಿಗೆ ಹೊಟ್ಟೆ ತೊಳಸುತ್ತದೆ ಎಂದು ಆಷಾಢದ ಗಾಳಿಗೂ ಕಿಟಕಿ ತೆರೆದಿಡುತ್ತಿದ್ದರು. ಆ ಗಾಳಿ ಬಾಗಿಲನ್ನು ದಡ್ ಎಂದು ಹೊಡೆಯುತ್ತಿತ್ತು, ತೆರೆಯುತ್ತಿತ್ತು. ಹಾಗಾಗಿ ಒಳಗಿನ ಮಾತು ಅರ್ಧಂಬರ್ಧ ನಮಗೂ ಕೇಳಿಸುತ್ತಿತ್ತು.

ಅಲ್ಲಿ ಒಂದು ನಿಯಮವಿತ್ತು. ಯಾರೂ ಯಾರಿಗೂ ಹೀಗೆ ಮಾಡಿ, ಹಾಗೆ ಮಾಡಬೇಡಿ ಎನ್ನಬಾರದು. ತನಗೆ ಏನಾಯಿತು ಎನ್ನುವುದನ್ನು ಹೇಳಬಹುದು, ತಾನು ಡಾಕ್ಟರನ್ನು ಏನು ಕೇಳಿದೆ, ಅವರು ಏನೆಂದರು ಎಂಬುದನ್ನು ಹೇಳಬಹುದು. ಯಾರಾದರೂ ಬುದ್ಧಿ ಹೇಳಲು ಶುರುಮಾಡಿದರೆ ನಾಗರತ್ನಮ್ಮ ದೊಡ್ಡ ಕತ್ತರಿಯ ಹಿಡಿಯಿಂದ ಮೇಜಿಗೆ ಕುಟ್ಟುತ್ತಿದ್ದರು. ಒಂದು ಶನಿವಾರ ಒಬ್ಬರು ಯಾವುದೋ ಹಣ್ಣಿನ ಕಷಾಯದ ಗುಣ ಹೇಳಲು ಹೊರಟಾಗ ಆ ಕುಟ್ಟುವ ಸದ್ದಿಗೆ ಕೆಳಗಿನ ಅಂಗಡಿಯವನು ಓಡಿ ಬಂದದ್ದೂ ಉಂಟು.

ಮೊದಲ ದಿನ ವಾಪಸ್ ಬರುವಾಗ ಅಕ್ಕ ಆಟೋದಲ್ಲಿ ಹೇಳಿದಳು. ಶಾಂತಕ್ಕನಿಗೆ ಪೂರ್ತಿ ತೆಗೆದಿದ್ದಾರೆ. ಒಳಗಿನ ಪರದೆಯ ಹಿಂದೆ ಕರೆದುಕೊಂಡು ಹೋಗಿ ಗಾಯದ ಗುರುತು ತೋರಿಸಿದರು. "ಗೆರೆ ಎಳೆದ ಹಾಗಿದೆ ಮುರಳಿ. ಹೆದರಿಕೆ ಆಗ್ಲಿಲ್ಲ" ಎಂದಳು. ರವಿಕೆಯ ಒಳಗೆ ಇಟ್ಟುಕೊಳ್ಳಲು ನಾಗರತ್ನಮ್ಮ ಹತ್ತಿಯ ಜೊತೆ ಭಾರಕ್ಕೆಂದು ಒಂದು ಹಿಡಿ ರಾಗಿ ತುಂಬಿ ಮೆತ್ತೆ ಹೊಲಿದು ಕೊಟ್ಟಿದ್ದಾರಂತೆ. "ಬಸ್ನ್ಯಾಗ ಬ್ರೇಕ್ ಹಾಕಿದ್ರ ಹೆಗಲ ತನಕ ಏರ್ತೈತ್ರಿ. ಕಂಡಕ್ಟರ್ ಟಿಕೆಟ್ ಕೊಡೂದ ಮರೀತಾನ" ಎಂದರಂತೆ ಶಾಂತಕ್ಕ. ಅಕ್ಕ ಅದನ್ನು ಅವರದೇ ದನಿಯಲ್ಲಿ ಹೇಳಲು ಹೋಗಿ, ನಕ್ಕು, ಕಣ್ಣೊರೆಸಿಕೊಂಡಳು.

ಎರಡನೆಯ ಶನಿವಾರದ ಮೇಲೆ ನಾನು ಕೇಳಿದೆ. "ನಿನ್ನ ಮನಸ್ಸಲ್ಲಿ ಏನಿದೆ ಅಕ್ಕ?"

"ಗಂಟು ಮಾತ್ರ ತೆಗೆಸಿದ್ರೆ ಸಾಕು ಅಂತಿದೆ. ರೇಡಿಯೇಷನ್‌ಗೆ ದಿನಾ ಓಡಾಡ್ತೀನಿ, ಅದಕ್ಕೇನು." ಆಮೇಲೆ, "ಉಪಯೋಗ ಅಂದ್ರಲ್ಲ ಅತ್ತಿಗೆ. ನನ್ನ ಮೈ ಯಾರ ಉಪಯೋಗಕ್ಕೂ ಅಂತ ಇರ್ಲಿಲ್ಲ ಕಣೋ. ನನ್ನದು ಅಂತ ಇತ್ತು. ಕೊಡ್ಲೇಬೇಕು ಅಂದಿದ್ರೆ ಕೊಡ್ತಿದ್ದೆ. ಕೊಡ್ಬೇಕಾಗಿಲ್ಲ ಅಂತಿದಾರಲ್ಲ" ಎಂದಳು.

"ಅಣ್ಣನಿಗೆ ಹೇಳು ಹಾಗಂತ."

ಅವಳು ಪರ್ಸಿನಿಂದ ಚಿಲ್ಲರೆ ತೆಗೆದು ಎಣಿಸತೊಡಗಿದಳು.

ಮುಂದಿನ ಶನಿವಾರ ಗಾಳಿಯ ಜೊತೆ ಮಳೆ ಇತ್ತು. ನಾನು ಮೆಟ್ಟಿಲ ಮೇಲೆ ಕೊಡೆ ಮಡಿಸಿಟ್ಟು ಕೂತಿದ್ದೆ. ಶಾಂತಕ್ಕ ಬಾಗಿಲಿಗೆ ಬಂದು, "ಏನ್ರಿ ತಮ್ಮಾರ, ಒಳಗ ಬರ್ರಿ. ಗಂಡಸ್ರ ಪಾರ್ಟಿಗೆ ಮಂದಿ ಕಮ್ಮಿ ಬಿದ್ದಾರ" ಎಂದರು.

ಅಲ್ಲಿ ಅವರು ಒಂದು ಆಟ ಆಡುತ್ತಿದ್ದರು. ಅದನ್ನು ಡಾಕ್ಟರಾಟ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಕೇಳಬೇಕಾದದ್ದನ್ನು, ಹೇಳಬೇಕಾದದ್ದನ್ನು ಇಲ್ಲಿ ಮೊದಲೇ ಬಾಯಿಬಿಟ್ಟು ಹೇಳಿ ರೂಢಿ ಮಾಡಿಕೊಳ್ಳುವುದು. ಒಬ್ಬರು ಡಾಕ್ಟರು, ಒಬ್ಬರು ಮನೆಯವರು. ಶಾಂತಕ್ಕ ಅಳತೆ ಟೇಪನ್ನು ಸ್ಟೆತೋಸ್ಕೋಪಿನ ಹಾಗೆ ಕೊರಳಿಗೆ ಹಾಕಿಕೊಂಡು ಕೂತಿದ್ದರು.

"ಹಾಂ, ಹೇಳ್ರಿ, ಲಗೂ ಹೇಳ್ರಿ. ಹೊರಗ ನಲವತ್ ಮಂದಿ ಕುಂತಾರ" ಎಂದರು, ಕೈಯಲ್ಲಿನ ಫೋನ್ ನೋಡುತ್ತ.

"ಬೆಂಗಳೂರಲ್ಲಿ ಯಾವ ಡಾಕ್ಟ್ರು ಹೀಗೆ ಮಾತಾಡ್ತಾರೆ ಶಾಂತಾ" ಎಂದರು ನಾಗರತ್ನಮ್ಮ.

"ತಡೀರಿ, ಇಂಗ್ಲಿಷ್ನ್ಯಾಗ ಬೈತೇನಿ."

ಅಕ್ಕನ ಎದುರಿಗೆ ಅಣ್ಣನ ಪಾತ್ರಕ್ಕೆ ಯಾರನ್ನು ಕೂರಿಸಿದರೂ ಅವಳಿಗೆ ನಗು ಬರುತ್ತಿತ್ತಂತೆ. ಅದಕ್ಕೆ ನನ್ನನ್ನು ಕರೆದಿದ್ದರು. ನಾನು ಕುರ್ಚಿಯಲ್ಲಿ ಕೂತೆ. ಅಣ್ಣನ ದನಿ ನನಗೆ ಚಿಕ್ಕಂದಿನಿಂದ ಬಾಯಿಪಾಠ. ಕಾಲಮೇಲೆ ಕಾಲು ಹಾಕಿ, ಒಂದು ಸಲ ಗಂಟಲು ಸರಿಮಾಡಿಕೊಂಡು ಹೇಳಿದೆ. "ಡಾಕ್ಟ್ರೇ, ನೋಡಿ, ಅವಳಿಗೆ ಇದೆಲ್ಲ ಗೊತ್ತಾಗಲ್ಲ. ಒಬ್ಬಳೇ ಇರೋಳು. ನಾವೆಲ್ಲ ಕೂತು ಮಾತಾಡಿದ್ದೀವಿ. ಪೂರ್ತಿ ತೆಗೆದುಬಿಡಿ."

ಎಲ್ಲರೂ ಹೋ ಎಂದು ನಕ್ಕರು. ಅಕ್ಕ ನಗಲಿಲ್ಲ. ಅವಳು ನನ್ನನ್ನು ನೋಡುತ್ತಿದ್ದಳು, ಆದರೆ ನನ್ನನ್ನಲ್ಲ. ಅವಳ ಕೈ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿತ್ತು. ನಗು ನಿಂತಿತು.

"ಈಗ ನೀವು ಹೇಳಿ ವಸುಧಾ" ಎಂದರು ನಾಗರತ್ನಮ್ಮ.

ಅಕ್ಕ ಬಾಯಿ ತೆರೆದಳು. ಮುಚ್ಚಿದಳು. ಕೊನೆಗೆ ಬಂದ ಮಾತು ಇದು. "ಅಣ್ಣ ಹೇಳಿದ ಹಾಗೆ."

ಆಟವೆಂದು ಗೊತ್ತಿತ್ತು. ಎದುರಿಗಿದ್ದದ್ದು ತನಗಿಂತ ಚಿಕ್ಕವನಾದ ನಾನು ಎಂದೂ ಗೊತ್ತಿತ್ತು. ಆದರೂ ಬಂದದ್ದು ಅದೇ. ಎದ್ದುಬಿಡೋಣ ಎಂದುಕೊಂಡೆ. ನಾಗರತ್ನಮ್ಮ ನನ್ನ ಕಡೆ ಕೈ ತೋರಿಸಿ ಕೂರಿಸಿದರು. ಅಕ್ಕನನ್ನು ಅವರು ಸಮಾಧಾನ ಮಾಡಲಿಲ್ಲ.

"ಇನ್ನೊಂದ್ ಸಲ" ಎಂದರು.

ಇನ್ನೊಂದು ಸಲ ನಾನು ಅಣ್ಣನಾದೆ. ಅಕ್ಕ, "ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ, ನನಗೆ ಏನನ್ಸುತ್ತೆ ಅಂದ್ರೆ" ಎಂದು ನಿಲ್ಲಿಸಿದಳು.

"ಬೇಜಾರು ಮಾಡ್ಕೋಬೇಡಿ ಅನ್ನೋದನ್ನ ತೆಗೀರಿ. ಡಾಕ್ಟ್ರು ಬೇಜಾರು ಮಾಡ್ಕೊಂಡ್ರೆ ಅವರ ಮನೇಲಿ ನೋಡ್ಕೋತಾರೆ. ಇನ್ನೊಂದ್ ಸಲ."

ಚಹಾ ಬಂತು, ಆರಿತು. ಅವತ್ತು ಮಾತು ಪೂರ್ತಿಯಾಗಲಿಲ್ಲ. ಹೊರಡುವಾಗ ನಾಗರತ್ನಮ್ಮ ಅಕ್ಕನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. "ಉಳಿಸಿಕೊಳ್ಳೋದನ್ನ ಕಲಿಸೋ ಆಟ ಅಲ್ಲ ಇದು. ಶಾಂತಾ ತೆಗೆಸಿದಾಳೆ, ಅವಳೇ ಬೇಕು ಅಂತ ತೆಗೆಸಿದಾಳೆ, ಆರಾಮಾಗಿದಾಳೆ. ನಿಮಗೆ ಯಾವುದು ಬೇಕೋ ಅದು ನಿಮ್ಮ ಬಾಯಿಂದ ಬರ್ಬೇಕು. ಅಷ್ಟೇ."

ಮುಂದಿನ ವಾರ ನನ್ನ ಬದಲು ಅಣ್ಣನೇ ಅಕ್ಕನನ್ನು ಕರೆದುಕೊಂಡು ಹೋದ. ಮೆಟ್ಟಿಲ ಮೇಲೆ ಕೂತವನು ಸುಮ್ಮನಿರದೆ, ಪಕ್ಕದಲ್ಲಿದ್ದ ಇನ್ನೊಬ್ಬರನ್ನು ವಿಚಾರಿಸಿ ಒಂದು ವಿಷಯ ತಿಳಿದುಕೊಂಡ. ನಾಗರತ್ನಮ್ಮ ಕೆಲವು ವರ್ಷದ ಹಿಂದೆ ಗಂಟು ಮಾತ್ರ ತೆಗೆಸಿದ್ದರು. ಈಗ ಅವರಿಗೆ ಕಾಯಿಲೆ ಮೂಳೆಗೆ ಬಂದಿತ್ತು. ಮತ್ತೆ ಚಿಕಿತ್ಸೆ ನಡೆಯುತ್ತಿತ್ತು.

"ಉಳಿಸ್ಕೊಂಡಿದ್ದಕ್ಕೆ ಏನಾಯ್ತು ನೋಡು" ಎಂದ ಅಣ್ಣ, ಕಾರಿನಲ್ಲಿ. ಆಮೇಲೆ ನನಗೂ ಫೋನ್ ಮಾಡಿ ಅದನ್ನೇ ಹೇಳಿದ. ಗೆದ್ದವನ ದನಿಯಾಗಿರಲಿಲ್ಲ ಅದು.

ಆ ವಾರ ಅಕ್ಕ ನನ್ನ ಫೋನ್ ತೆಗೆಯಲಿಲ್ಲ. ಶನಿವಾರ ನಾನು ಬನಶಂಕರಿಗೆ ಹೋದಾಗ ಸೀರೆಯುಟ್ಟು ಸಿದ್ಧಳಾಗಿ ಗೇಟಿನಲ್ಲಿ ನಿಂತಿದ್ದಳು. "ಇವತ್ತು ಆಟ ಬೇಡ. ಅವರನ್ನ ಒಂದು ಮಾತು ಕೇಳ್ಬೇಕು" ಎಂದಳು.

ಕೇಳಿದ್ದು ಎಲ್ಲರೂ ಹೋದ ಮೇಲೆ, ಮೆಟ್ಟಿಲ ಬುಡದಲ್ಲಿ. ನಾಗರತ್ನಮ್ಮ ಬೀಗ ಹಾಕಿ ನಿಧಾನವಾಗಿ ಕಂಬಿ ಹಿಡಿದು ಇಳಿದು ಬಂದಿದ್ದರು. ತಲೆಗೆ ಹತ್ತಿಯ ಬಟ್ಟೆ ಕಟ್ಟಿಕೊಂಡಿದ್ದರು. ನಾನು ಅವರಿಬ್ಬರಿಗೂ ಕೊಡೆ ಹಿಡಿದಿದ್ದೆ.

"ಪೂರ್ತಿ ತೆಗೆಸಿದ್ದಿದ್ರೆ ನಿಮಗೆ ವಾಪಸ್ ಬರ್ತಿರ್ಲಿಲ್ವಾ?" ಎಂದಳು ಅಕ್ಕ. ಸುತ್ತು ಬಳಸಲಿಲ್ಲ.

ನಾಗರತ್ನಮ್ಮನಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಬರಲಿಲ್ಲ.

"ನಾನೂ ಅದನ್ನೇ ಕೇಳ್ದೆ ಡಾಕ್ಟ್ರನ್ನ. ನನ್ನದು ಎದೇಲಿ ವಾಪಸ್ ಬಂದಿಲ್ಲ, ಮೂಳೇಲಿ ಬಂದಿದೆ. ಪೂರ್ತಿ ತೆಗೆಸಿದ್ರೂ ಇದು ಬರ್ಬಹುದಾಗಿತ್ತು ಅಂದ್ರು. ಅದನ್ನ ನಂಬೋಕೆ ನನಗೆ ತಿಂಗಳುಗಟ್ಟಲೆ ಬೇಕಾಯ್ತು. ಕೆಲವು ದಿನ ಬೆಳಿಗ್ಗೆ ಎದ್ದಾಗ ಈಗ್ಲೂ ನಂಬಿಕೆ ಇರಲ್ಲ" ಎಂದರು. ಮಳೆಯ ಹನಿ ಅವರ ಭುಜಕ್ಕೆ ಬೀಳುತ್ತಿತ್ತು, ನಾನು ಕೊಡೆಯನ್ನು ಆ ಕಡೆ ಸರಿಸಿದೆ. "ನನ್ನ ನೋಡಿ ಹೆದರಿ ತೆಗೆಸ್ಬೇಡಿ. ನನ್ನ ಮಾತು ಕೇಳಿ ಧೈರ್ಯ ಮಾಡಿ ಉಳಿಸ್ಕೊಳ್ಳೋದೂ ಬೇಡ. ನಿಮ್ಮ ಡಾಕ್ಟ್ರ ಹತ್ರ ಹೋಗಿ. ಒಬ್ಬರೇ ಹೋಗಿ. ನನ್ನ ವಿಷಯಾನೇ ಹೇಳಿ ಕೇಳಿ."

ಅಕ್ಕ ಹಾಗೇ ಮಾಡಿದಳು. ಸ್ಕೂಲು ಬಿಟ್ಟ ಮೇಲೆ ಒಬ್ಬಳೇ ಹೋಗಿ, ಸರದಿಯಲ್ಲಿ ಕೂತು, ಎಲ್ಲ ಕೇಳಿದಳು. ಡಾಕ್ಟರು ಮತ್ತೆ ಅದನ್ನೇ ಹೇಳಿದರು, ಇನ್ನೂ ಬಿಡಿಸಿ ಹೇಳಿದರು. ಉಳಿಸಿಕೊಂಡ ಎದೆಯಲ್ಲೇ ಮತ್ತೆ ಬರುವ ಸಂಭವ ಸ್ವಲ್ಪ ಇದ್ದೇ ಇದೆ, ಅದಕ್ಕೇ ರೇಡಿಯೇಷನ್, ಅದಕ್ಕೇ ಪ್ರತಿ ವರ್ಷ ಪರೀಕ್ಷೆ. ತೆಗೆದ ಭಾಗದ ಅಂಚಿನಲ್ಲಿ ರೋಗ ಉಳಿದಿದ್ದರೆ ಇನ್ನೊಂದು ಆಪರೇಷನ್ ಬೇಕಾಗಬಹುದು. ಇದನ್ನೆಲ್ಲ ಕೇಳಿಯೂ ಅಕ್ಕ ಗಂಟು ಮಾತ್ರ ತೆಗೆಯಿರಿ ಎಂದು ಹೇಳಿ ಬಂದಳು. ಆಪರೇಷನ್ನಿನ ದಿನ ಶ್ರಾವಣಕ್ಕೆ ಬಿತ್ತು. ಆಷಾಢ ತಪ್ಪಿತಲ್ಲ ಎಂದು ಪದ್ಮತ್ತಿಗೆಗೆ ಸಂತೋಷವಾಯಿತು.

ನನಗೆ ಹೇಳಿದಳು, ನಾಗರತ್ನಮ್ಮನಿಗೆ ಹೇಳಿದಳು. ಅಣ್ಣನಿಗೆ ಹೇಳಲಿಲ್ಲ. ಅಣ್ಣ ದಿನ ಬಿಟ್ಟು ದಿನ ಕೇಳುತ್ತಿದ್ದ, "ಪೂರ್ತಿ ತಾನೇ?" ಎಂದು. ಅಕ್ಕ "ನೋಡೋಣ ಅಣ್ಣ" ಎನ್ನುತ್ತಿದ್ದಳು. ನೀನು ಹೇಳುವವರೆಗೆ ನಾನು ಹೇಳುವುದಿಲ್ಲ ಎಂದು ನಾನು ಅವಳಿಗೆ ಮಾತು ಕೊಟ್ಟಿದ್ದೆ. ಅಲ್ಲಿಯವರೆಗೆ ಬಂದ ಎಲ್ಲ ಶನಿವಾರವೂ ಆಟ ನಡೆಯಿತು. ನಾನು ಅಣ್ಣನಾಗಿ ಕೂರುತ್ತಿದ್ದೆ. ಅಕ್ಕನ ಮಾತು ಒಂದೊಂದು ಪದವಾಗಿ ಉದ್ದವಾಗುತ್ತ ಬಂತು. ಆದರೆ ಕೊನೆಯ ಶನಿವಾರವೂ ಅವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ನೆಲದ ಮೇಲಿತ್ತು.

ಆ ಸೋಮವಾರಕ್ಕೆ ಬರುತ್ತೇನೆ.

ಆಪರೇಷನ್ನಿನ ದಿನ ಗುಂಪಿನವರು ಯಾರಾದರೂ ಬಂದು ಜೊತೆಯಲ್ಲಿ ಕೂರುವುದು ಅವರ ರೂಢಿ. ಶಾಂತಕ್ಕ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದರು. ನಾಗರತ್ನಮ್ಮನಿಗೆ ಅವತ್ತು ಅದೇ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ ಡ್ರಿಪ್ ಹಾಕಿಸಿಕೊಳ್ಳುವುದಿತ್ತು. ಅದಕ್ಕೆ ಮೊದಲೇ ಮೇಲೆ ಬಂದು ಕೂತಿದ್ದರು.

ಡಾಕ್ಟರು ಬಂದರು, ಜೊತೆಗೆ ಒಬ್ಬ ಕಿರಿಯ ಡಾಕ್ಟರು, ಒಬ್ಬ ಸಿಸ್ಟರು. ಗುರುತು ಹಾಕುವ ಪೆನ್ನು ಡಾಕ್ಟರ ಕೈಯಲ್ಲಿತ್ತು. ಕಿರಿಯ ಡಾಕ್ಟರು ಹೇಳಿದರು. "ಮೇಡಂ, ಪ್ಲ್ಯಾನ್ ಚೇಂಜ್ ಆಗಿದೆ. ನಿನ್ನೆ ಸಂಜೆ ಪೇಷೆಂಟ್ ಅಣ್ಣ ಬಂದು ಪೂರ್ತಿ ತೆಗೆಯೋದು ಅಂತ ಹೇಳಿದಾರೆ. ಮನೆಯವರೆಲ್ಲ ಡಿಸೈಡ್ ಮಾಡಿದಾರಂತೆ."

ಡಾಕ್ಟರು ಅಕ್ಕನ ಕಡೆ ತಿರುಗಿದರು. "ಹೌದಾ ವಸುಧಾ?"

"ಹೌದು ಡಾಕ್ಟ್ರೇ, ನಾನೇ ಹೇಳಿದ್ದು. ಅವಳಿಗೆ ಗೊತ್ತಾಗಲ್ಲ" ಎಂದ ಅಣ್ಣ.

ಅಕ್ಕ ಹಾಸಿಗೆಯ ಮೇಲೆ ನೆಟ್ಟಗೆ ಕೂತಿದ್ದಳು. ಆಸ್ಪತ್ರೆಯ ಹಸಿರು ಗೌನು ದೊಡ್ಡದಾಗಿ ಭುಜದಿಂದ ಜಾರುತ್ತಿತ್ತು. ಅವಳ ಬಾಯಿ ತೆರೆಯಿತು, ಮುಚ್ಚಿತು. ಆ ಟೈಲರಿಂಗ್ ಕೋಣೆಯಲ್ಲಿ ಕಂಡದ್ದೇ ಇಲ್ಲೂ ಆಗುತ್ತಿದೆ ಎಂದು ನನಗೆ ಅನ್ನಿಸಿತು. ನಾನು ನಾಗರತ್ನಮ್ಮನ ಕಡೆ ನೋಡಿದೆ. ಅವರು ಏನಾದರೂ ಹೇಳುತ್ತಾರೆ ಎಂದು. ಅವರು ಹೇಳಲಿಲ್ಲ. ಶಾಂತಕ್ಕ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಮುರಳಿ, ಕನ್ನಡಕ ಕೊಡು" ಎಂದಳು ಅಕ್ಕ.

ಕೊಟ್ಟೆ. ಹಾಕಿಕೊಂಡಳು. ಡಾಕ್ಟರ ಮುಖ ನೋಡಿದಳು, ಆಮೇಲೆ ತಲೆಯೆತ್ತಿ ಅಣ್ಣನ ಮುಖ ನೋಡಿದಳು.

"ಡಾಕ್ಟ್ರೇ, ನನ್ನನ್ನ ಕೇಳಿ. ಗಂಟು ಮಾತ್ರ ತೆಗೀರಿ. ನಾನು ಮೊದಲು ಹೇಳಿದ್ದೇ ಸರಿ."

"ವಸೂ, ಸುಮ್ನಿರು. ಡಾಕ್ಟ್ರೇ, ನಮ್ಮಮ್ಮ ಹೋಗಿದ್ದು ಇದರಲ್ಲೇ. ಆಗ ಆಪರೇಷನ್ ಬೇಡ, ನಾಟಿ ಔಷಧಿ ಕೊಡ್ಸೋಣ ಅಂತ ಎಲ್ರೂ ಅಂದಾಗ ಹೂಂ ಅಂದವನು ನಾನು. ನಾನು ಹೂಂ ಅಂದೆ. ಆರು ತಿಂಗಳೂ ಉಳೀಲಿಲ್ಲ ನಮ್ಮಮ್ಮ." ಅವನ ಕೈಯಲ್ಲಿದ್ದ ಫ್ಲಾಸ್ಕು ಮಂಚದ ಕಂಬಿಗೆ ತಾಗಿ ಸದ್ದು ಮಾಡುತ್ತಿತ್ತು. ನಾವಿಬ್ಬರೂ ಇದನ್ನು ಮೊದಲ ಸಲ ಕೇಳಿದ್ದು. ಅಮ್ಮನ ಔಷಧಿಯ ನಿರ್ಧಾರ ಯಾರದು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದವರಲ್ಲ.

ಅಕ್ಕ ಅವನ ಮಣಿಕಟ್ಟನ್ನು ಹಿಡಿದುಕೊಂಡಳು. ಅವಳಿಗೆ ಕಣ್ಣೀರು ಬಂದಿತ್ತು, ಆದರೆ ದನಿ ಒಡೆಯಲಿಲ್ಲ.

"ಅಮ್ಮನ್ನ ಯಾರೂ ಕೇಳ್ಲಿಲ್ಲ ಅಣ್ಣ. ನಿನ್ನನ್ನ ಕೇಳಿದ್ರು. ಅದೇ ಆಗಿದ್ದು ತಪ್ಪು." ಅವನ ಕೈ ಬಿಟ್ಟು ಹೇಳಿದಳು. "ನೀನು ಈಗ ಸ್ವಲ್ಪ ಆಚೆ ನಿಂತಿರು. ನಾನು ಡಾಕ್ಟ್ರ ಹತ್ರ ಮಾತಾಡ್ಬೇಕು."

ಅಣ್ಣ ನನ್ನನ್ನು ನೋಡಿದ. ನಾನು ಅಕ್ಕನ ಕಡೆ ತಿರುಗಿದೆ. ಅವನು ಫ್ಲಾಸ್ಕನ್ನು ಹಾಸಿಗೆಯ ಪಕ್ಕದ ಕಪಾಟಿನ ಮೇಲಿಟ್ಟು ಹೊರಟ. ಶಾಂತಕ್ಕ ದಾರಿ ಬಿಟ್ಟು, "ಬರ್ರಿ ಅಣ್ಣಾರ, ಇಲ್ಲೇ ಕುಂದರ್ರಿ" ಎಂದು ಮೆಲ್ಲಗೆ ಹೇಳಿ ಬಾಗಿಲ ಹೊರಗಿನ ಬೆಂಚು ತೋರಿಸಿದರು.

ಡಾಕ್ಟರು ಪೆನ್ನನ್ನು ಜೇಬಿಗಿಟ್ಟು, ಹಾಸಿಗೆಯ ಅಂಚಿನಲ್ಲಿ ಕೂತರು. ಕಿರಿಯ ಡಾಕ್ಟರಿಗೆ, "ಮೊದಲು ಇವರನ್ನ ಕೇಳ್ಬೇಕಿತ್ತು ನೀವು" ಎಂದರು. ಆಮೇಲೆ ಅಕ್ಕನನ್ನು ಕೇಳಿದರು. "ಹೇಳಿ. ಅಂಚಿನಲ್ಲಿ ಉಳಿದಿದ್ರೆ ಇನ್ನೊಂದು ಆಪರೇಷನ್ ಆಗ್ಬಹುದು. ಆವಾಗ ಪೂರ್ತಿ ತೆಗೆಯೋದೂ ಬರ್ಬಹುದು. ಅದಕ್ಕೆ ತಯಾರಿದ್ದೀರಾ?"

"ತಯಾರಿದ್ದೀನಿ. ಆದ್ರೆ ಆವಾಗ್ಲೂ ನನ್ನನ್ನೇ ಕೇಳಿ. ನನಗೆ ಎಚ್ಚರ ಆಗೋವರೆಗೂ ಕಾಯಿರಿ. ಬೇರೆ ಯಾರನ್ನೂ ಕೇಳ್ಬೇಡಿ."

"ಆಯ್ತು" ಎಂದರು ಡಾಕ್ಟರು. ಹೇಳಿದ್ದನ್ನು ಬರೆದುಕೊಳ್ಳಿ ಎಂದು ಕಿರಿಯವರಿಗೆ ಸನ್ನೆ ಮಾಡಿದರು. ಆಮೇಲೆ ನಮ್ಮನ್ನೆಲ್ಲ ಹೊರಗೆ ಕಳಿಸಿ, ಪರದೆ ಎಳೆದು, ಗುರುತು ಹಾಕಿದರು.

ಅಂಚು ಶುದ್ಧವಾಗಿತ್ತು. ಕಂಕುಳಿನ ಗ್ರಂಥಿಗಳಲ್ಲೂ ಏನೂ ಇರಲಿಲ್ಲ. ಕೀಮೋ ಬೇಡ ಎಂದರು. ರೇಡಿಯೇಷನ್ ಆಯಿತು, ದಿನಾ ಒಂದು ಮಾತ್ರೆ ಈಗಲೂ ನಡೆಯುತ್ತಿದೆ. ರೇಡಿಯೇಷನ್ ನಡೆದ ಆ ವಾರಗಳಲ್ಲಿ ದಿನಾ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋದವನು ಅಣ್ಣ. ಮೊದಲ ದಿನ ಒಳಗೆ ಹೋಗಲು ಎದ್ದವನು, ಅಕ್ಕ ನೋಡಿದ್ದನ್ನು ಕಂಡು, ವಾಪಸ್ ಕೂತ. ಪದ್ಮತ್ತಿಗೆ ಈ ಬಗ್ಗೆ ಅವತ್ತಿನಿಂದ ಮಾತೇ ಎತ್ತಿಲ್ಲ. ದಸರಾ ಹಬ್ಬಕ್ಕೆ ಮಾತ್ರ ಅಕ್ಕನಿಗೆ ಒಂದು ಮೆತ್ತನೆಯ ಹತ್ತಿಯ ರವಿಕೆ ಕೊಟ್ಟರು. ಸುಟ್ಟ ಚರ್ಮಕ್ಕೆ ಉಜ್ಜದ ಹಾಗೆ ಎಡಗಡೆ ಹೊಲಿಗೆ ಹೊರಕ್ಕೆ ತಿರುಗಿಸಿ ಹೊಲಿಸಿದ್ದರು.

ಆ ಬೆಳಿಗ್ಗೆ ಆ ಕೋಣೆಯಲ್ಲಿ ಇದ್ದವರ ಪೈಕಿ ನಾಗರತ್ನಮ್ಮ ಈಗಿಲ್ಲ. ಮುಂದಿನ ಬೇಸಿಗೆಯಲ್ಲಿ ಹೋದರು. ಕೊನೆಯವರೆಗೂ ಏನು ಚಿಕಿತ್ಸೆ ಬೇಕು, ಯಾವಾಗ ಸಾಕು ಎನ್ನುವುದನ್ನು ತಾವೇ ಹೇಳಿದರು. ಉಳಿದವರು ಇದ್ದಾರೆ. ಆ ಡಾಕ್ಟರು ಅದೇ ಆಸ್ಪತ್ರೆಯಲ್ಲಿದ್ದಾರೆ. ಕಿರಿಯ ಡಾಕ್ಟರು ಬೇರೆ ಊರಿಗೆ ಹೋದರಂತೆ. ಸಿಸ್ಟರ ಹೆಸರು ನನಗೆ ಗೊತ್ತಾಗಲಿಲ್ಲ. ಶಾಂತಕ್ಕ ಸುದ್ದಗುಂಟೆಪಾಳ್ಯದಲ್ಲೇ ಇದ್ದಾರೆ. ಕೇಳಿದರೆ ಇದನ್ನೇ ನನಗಿಂತ ಜೋರಾಗಿ ಹೇಳುತ್ತಾರೆ. ಅಣ್ಣ ಚಿಕ್ಕಲಸಂದ್ರದಲ್ಲಿದ್ದಾನೆ. ಅವನನ್ನು ಕೇಳಿದರೆ, ತಾನು ಆಚೆ ಬೆಂಚಿನ ಮೇಲಿದ್ದೆ, ಆಮೇಲಿನದು ಏನೂ ಕೇಳಿಸಲಿಲ್ಲ ಎನ್ನುತ್ತಾನೆ. ಬಾಗಿಲು ತೆರೆದೇ ಇತ್ತು, ಅವನು ತಲೆ ತಗ್ಗಿಸಿ ಕೇಳುತ್ತಿದ್ದದ್ದು ನಾನು ನಿಂತಲ್ಲಿಗೆ ಕಾಣುತ್ತಿತ್ತು.

ಅಕ್ಕ ಇದ್ದಾಳೆ.